ಮಡಚುವ ಛಾವಣಿಯ ಕಾರು, ಎಡಗಡೆ ಸೀಟಿನ ಗಂಡ

ನನ್ನ ಡ್ರೈವಿಂಗ್ ಲೈಸೆನ್ಸಿನ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಕಾರು ಓಡಿಸುವುದೆಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನಾನು ಕಲಿತದ್ದು ಚಿತ್ರದುರ್ಗದ ಕಡೆಯ ರಸ್ತೆಗಳಲ್ಲಿ. ಅಲ್ಲಿ ಕಣ್ಣು ಹಾಯುವಷ್ಟು ದೂರ ಬರೀ ರಸ್ತೆಯೇ ಇರುತ್ತದೆ. ಎದುರಿಗೆ ಲಾರಿ ಬಂದರೆ ಅದು ಹತ್ತಿರ ಬರುವುದರೊಳಗೆ ಮನಸ್ಸು ಗಟ್ಟಿ ಮಾಡಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಆಮೇಲೆ ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ತಂದು ಹಾಕಿದರು. ಇಲ್ಲಿ ರಸ್ತೆಗೆ ಇಳಿದರೆ ರಸ್ತೆಯೊಂದನ್ನು ಬಿಟ್ಟು ಉಳಿದೆಲ್ಲವೂ ಕಾಣುತ್ತದೆ.

ನನ್ನ ಮಾನ ಹೋದದ್ದು ಎಡಪ್ಪಳ್ಳಿ ಜಂಕ್ಷನ್ನಿನಲ್ಲಿ, ಒಂದು ಶನಿವಾರ ಸಂಜೆ, ಮಾಲ್‌ಗೆ ಬರುವ ಜನರೆಲ್ಲ ಸರಿಯಾಗಿ ಬಂದು ಸೇರಿದ ಮೇಲೆ. ಹೊಸ ಕಾರು, ಸ್ಟಿಯರಿಂಗಿನಲ್ಲಿ ನಾನು, ಎಡಗಡೆ ಸೀಟಿನಲ್ಲಿ ನಮ್ಮ ಯಜಮಾನರು. ಸಿಗ್ನಲ್ ಹಸಿರಾಯಿತು, ಎಂಜಿನ್ ಆಫ್ ಆಯಿತು. ಸ್ಟಾರ್ಟ್ ಮಾಡಿದೆ, ಮತ್ತೆ ಆಫ್ ಆಯಿತು. ಹಿಂದೆ ಖಾಸಗಿ ಬಸ್ಸುಗಳು ಹಾರ್ನ್ ಹೊಡೆಯತೊಡಗಿದವು. ಯಾವುದು ಕ್ಲಚ್ ಯಾವುದು ಬ್ರೇಕ್ ಎಂಬುದೇ ನನಗೆ ಮರೆತುಹೋಯಿತು. ಇವರು ಬಾಗಿಲು ತೆಗೆದು ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು, "ಇಳಿ" ಎಂದರು. ಇಳಿದೆ. ಅಷ್ಟು ಜನರ ಎದುರಿಗೆ, ನಡುರಸ್ತೆಯಲ್ಲಿ, ನಾವಿಬ್ಬರೂ ಸೀಟು ಬದಲಾಯಿಸಿಕೊಂಡೆವು.

ಮನೆಗೆ ಬರುವವರೆಗೂ ಇವರು ಒಂದು ಮಾತೂ ಆಡಲಿಲ್ಲ. ನಮ್ಮ ಯಜಮಾನರು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾರೆ, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಮನೆಯಲ್ಲಿಯೂ ಆ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾರೆ. ಅಂಥವರೇ ಏನೂ ಹೇಳಲಿಲ್ಲವೆಂದರೆ ನನ್ನ ಕೇಸು ಕೈಬಿಟ್ಟರು ಎಂದೇ ಅರ್ಥ. ಅಲ್ಲಿಂದಾಚೆ ಬಲಗಡೆ ಸೀಟು ಅವರದಾಯಿತು, ನಾನು ಮೆಟ್ರೋ, ಬಸ್ಸು, ಆಟೋ ಹಿಡಿದು ಬ್ಯಾಂಕಿಗೆ ಹೋಗತೊಡಗಿದೆ. ಆಗಾಗ, "ಇವತ್ತು ನಾನು ಓಡಿಸ್ಲೇನ್ರೀ?" ಎಂದು ಕೇಳುತ್ತಿದ್ದೆ. "ಟ್ರಾಫಿಕ್ ಜಾಸ್ತಿ ಇದೆ ಕಣೇ" ಎನ್ನುತ್ತಿದ್ದರು. ಒಮ್ಮೆ ಹರತಾಳದ ದಿನ, ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲದ್ದನ್ನು ನೋಡಿಯೇ ಕೇಳಿದೆ. "ಹರತಾಳ ಇದೆ ಕಣೇ" ಎಂದರು.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ದಿನಾ ನನ್ನ ಪಾಡಿಗೆ ನಾನು ಕಾರು ಓಡಿಸಿಕೊಂಡು ಬ್ಯಾಂಕಿಗೆ ಹೋಗಿ ಬರಬೇಕು. ಜೊತೆಗೆ, ನಾನು ಓಡಿಸುವಾಗ ಈ ಮನುಷ್ಯ ಎಡಗಡೆ ಸೀಟಿನಲ್ಲಿ ನಿಶ್ಚಿಂತೆಯಾಗಿ ಕೂರಬೇಕು. ಮೊದಲನೆಯದು ಕಷ್ಟ, ಎರಡನೆಯದು ಆಗದ ಮಾತು ಎಂದು ನನಗೂ ಗೊತ್ತಿತ್ತು. ಆದರೂ ಆ "ಇಳಿ" ಎನ್ನುವ ಒಂದು ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡುಬಿಟ್ಟಿತ್ತು.

ಅಷ್ಟರಲ್ಲಿ ಅವರಿಗೆ ತಿರುವನಂತಪುರದ ಐಟಿ ಪಾರ್ಕಿಗೆ ವರ್ಗವಾಯಿತು. ಅಲ್ಲೊಂದು ಕೋಣೆ ಬಾಡಿಗೆಗೆ ಹಿಡಿದು, ಕಾರನ್ನೂ ಅಲ್ಲಿಗೇ ಒಯ್ದರು. ವಾರಕ್ಕೊಮ್ಮೆ ರೈಲಿನಲ್ಲಿ ಬರುವುದು, ಹೋಗುವುದು. ಮಗಳು ಓದಲೆಂದು ಮಣಿಪಾಲದಲ್ಲಿದ್ದಾಳೆ. ಹಾಗಾಗಿ ಕೊಚ್ಚಿಯ ತೃಕ್ಕಾಕ್ಕರದ ನಮ್ಮ ಬಾಡಿಗೆ ಮನೆಯಲ್ಲಿ ವಾರವಿಡೀ ನಾನೊಬ್ಬಳೇ, ಎದುರಿಗೆ ಖಾಲಿ ಪೋರ್ಚು. ಖಾಲಿ ಜಾಗ ಕಂಡರೆ ಮನುಷ್ಯರಿಗೆ ಬುದ್ಧಿ ಕೆಡುತ್ತದೆ.

ಒಂದು ರಜೆಗೆ ನಾನೇ ತಿರುವನಂತಪುರಕ್ಕೆ ಹೋಗಿದ್ದಾಗ ಇವರ ಕೋಣೆಯ ಪಕ್ಕದಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಹಿತ್ತಲ ಶೆಡ್ಡಿನೊಳಗೆ ತೆಂಗಿನ ಗರಿಗಳ ಅಡಿಯಲ್ಲಿ ಒಂದು ಕಾರು ಇತ್ತು. ಹಿಂದೆ ಮದ್ರಾಸಿನಲ್ಲಿ ತಯಾರಾಗುತ್ತಿದ್ದಂಥದ್ದು. ಎರಡೇ ಬಾಗಿಲು, ಮರದ ಡ್ಯಾಶ್‌ಬೋರ್ಡು, ಮೇಲೆ ಛಾವಣಿಯ ಬದಲು ಮಡಚಿ ಹಿಂದಕ್ಕೆ ತಳ್ಳುವ ಕ್ಯಾನ್‌ವಾಸಿನ ಹೊದಿಕೆ. ಇಂಗ್ಲಿಷಿನವರು ಕನ್ವರ್ಟಿಬಲ್ ಎನ್ನುವುದು ಇದನ್ನೇ. ಕ್ಯಾನ್‌ವಾಸನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು, ಕಂಬಿಗಳು ಮಾತ್ರ ಉಳಿದಿದ್ದವು. ಸುಮ್ಮನೆ ಹತ್ತಿ ಕೂತೆ. ಕೂತವಳಿಗೆ ಇಳಿಯುವ ಮನಸ್ಸಾಗಲಿಲ್ಲ. ಎದುರಿಗೆ ಕಾರಿನ ಎರಡು ಮೂಲೆ ಕಾಣುತ್ತಿತ್ತು, ತಿರುಗಿದರೆ ಹಿಂದಿನ ಎರಡು ಮೂಲೆ, ಬಗ್ಗಿದರೆ ಚಕ್ರ. ಹೊಸ ಕಾರಿನಲ್ಲಿ ನನ್ನ ಕಾರು ಎಲ್ಲಿ ಮುಗಿದು ಪಕ್ಕದವರ ಕಾರು ಎಲ್ಲಿ ಶುರುವಾಗುತ್ತದೆ ಎಂದು ನನಗೆ ಯಾವತ್ತೂ ತಿಳಿದಿರಲಿಲ್ಲ.

"ಇದನ್ನ ನಾನು ಓಡಿಸ್ತೀನ್ರೀ" ಎಂದೆ.

"ಇದು ಓಡಲ್ಲ ಕಣೇ."

"ಅದಕ್ಕೇ ಧೈರ್ಯ ಬಂದೈತಿ."

ಇವರು ಹಣೆ ಚಚ್ಚಿಕೊಂಡರು. "ಅಲ್ಲಾ, ಮೇಲೆ ತೆರೆದಿರ್ಬೇಕು, ಸುತ್ತ ಎಲ್ಲಾ ಕಾಣ್ಬೇಕು, ನಿಧಾನಕ್ಕೆ ಹೋಗ್ಬೇಕು ಅಂದ್ರೆ ಅದಕ್ಕೆ ಆಟೋ ಅಂತಾರೆ. ದಿನಾ ಅದ್ರಲ್ಲೇ ಓಡಾಡ್ತಾ ಇದೀಯಲ್ಲ!"

ಕಾರಿನ ವಾರಸುದಾರರಿಗೆ ಜಾಗ ತೆರವಾದರೆ ಸಾಕಾಗಿತ್ತು. ಕೊಟ್ಟದ್ದು ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ, ಈ ಮನೆಯಲ್ಲಿ ಆ ಮಾತು ಮುಗಿದುಹೋಗಿದೆ. ಲಾರಿಯ ಮೇಲೆ ಅದು ಕೊಚ್ಚಿಗೆ ಬಂದು ಇಳಿದಾಗ ಮಹಡಿಯ ಮೇಲಿರುವ ಮನೆ ಓನರ್ ಕೆಳಗಿಳಿದು ಬಂದು ನೋಡಿದರು. ಅವರು ಅಂಬಲಮುಗಳ್‌ನ ಪೆಟ್ರೋಲ್ ರಿಫೈನರಿಯಲ್ಲಿ ದುಡಿದು ನಿವೃತ್ತರಾದವರು, ವಯಸ್ಸಿನಲ್ಲಿ ನನ್ನ ತಂದೆಯಂತಿರುವವರು, ನನ್ನನ್ನು ಮೋಳೇ, ಅಂದರೆ ಮಗಳೇ, ಎಂದೇ ಕರೆಯುತ್ತಾರೆ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೋಳೇ, ಇದ್ ಓಡುಮೋ?" ಎಂದರು. ಓಡುತ್ತದೆಯೇ ಎಂಬ ಪ್ರಶ್ನೆ. ಓಡುತ್ತದೆ ಎಂದೆ. ಅವರು ಸಂಜೆ ಒಂದು ಕೆಂಪು ಬಕೆಟ್ಟಿನಲ್ಲಿ ಮರಳು ತುಂಬಿ ತಂದು ಪೋರ್ಚಿನ ಮೂಲೆಯಲ್ಲಿಟ್ಟರು. ಬೆಂಕಿ ಬಿದ್ದರೆ ಇರಲಿ ಎಂದು.

ಮೆಕ್ಯಾನಿಕ್ ಒಬ್ಬ ಸಿಕ್ಕ. ಭಾನುವಾರ ಚರ್ಚಿನಿಂದ ನೇರವಾಗಿ ನಮ್ಮ ಮನೆಗೆ ಬಂದು, ಊಟದ ಹೊತ್ತಿನವರೆಗೆ ಕೆಲಸ ಮಾಡುವವನು. ಅವನ ಬಾಯಲ್ಲಿ ಒಂದೇ ಮಾತು: "ಶರಿಯಾಕ್ಕಾಂ." ಸರಿಮಾಡೋಣ. ನೆಲದ ತಗಡು ತೂತಾಗಿ ಅಡಿಯ ಸಿಮೆಂಟು ಕಾಣುತ್ತಿದೆ ಎಂದರೆ ಶರಿಯಾಕ್ಕಾಂ. ಬ್ರೇಕಿನ ಪೈಪಿನಿಂದ ಇರುವೆ ಬರುತ್ತಿದೆ ಎಂದರೂ ಶರಿಯಾಕ್ಕಾಂ. ಒಂದು ಭಾನುವಾರ ಎಂಜಿನ್ ಇಳಿಸಿ ಗೋಣಿಚೀಲದ ಮೇಲಿಟ್ಟು ಹೋದ. ಮುಂದಿನ ಭಾನುವಾರ ಅವನ ಅಣ್ಣನ ಮಗಳ ಮದುವೆ, ಅದರ ಮುಂದಿನದು ಯಾರದೋ ಮಗುವಿನ ನಾಮಕರಣ. ಎಂಜಿನ್ನು ತುಳಸಿ ಕಟ್ಟೆಯ ಪಕ್ಕದಲ್ಲೇ ಕೂತಿತ್ತು. ಸಂಜೆ ದೀಪ ಇಡುವಾಗ ನಾನು ಅದಕ್ಕೂ ಒಂದು ಕೈ ಮುಗಿಯುತ್ತಿದ್ದೆ.

ಅವನು ಬಾರದ ದಿನಗಳಲ್ಲಿ ನನ್ನ ಪ್ರತಾಪ. ವಿಡಿಯೋ ನೋಡಿ ಕಲಿತವಳಿಗೆ ಬಿಚ್ಚುವುದು ಬಹಳ ಸುಲಭ, ವಿಡಿಯೋದಲ್ಲಿ ಆಮೇಲಿನ ಭಾಗವನ್ನು ಬೇಗಬೇಗ ಓಡಿಸಿಬಿಡುತ್ತಾರೆ. ಸಂಜೆ ಬ್ಯಾಂಕಿನಿಂದ ಬಂದು ಹಳೇ ಚೂಡಿದಾರ ತೊಟ್ಟು ತುಕ್ಕು ಉಜ್ಜಲು ಕೂತರೆ ಊಟದ ನೆನಪಿರುತ್ತಿರಲಿಲ್ಲ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಾಕಿಡಲು ಅಡುಗೆಮನೆಯ ಡಬ್ಬಿಗಳಷ್ಟು ಚೆನ್ನಾದದ್ದು ಬೇರೆ ಏನಿದೆ? ಸಾಸಿವೆ ಡಬ್ಬಿಯಲ್ಲಿ ಬಾಗಿಲಿನ ಸ್ಕ್ರೂ, ಕಡಲೆಬೇಳೆ ಡಬ್ಬಿಯಲ್ಲಿ ವಾಷರು. ಎಲ್ಲ ನನ್ನ ತಲೆಯಲ್ಲಿತ್ತು. ಆ ಶನಿವಾರ ಬಂದ ಯಜಮಾನರು ಚಿತ್ರಾನ್ನದ ಎರಡನೇ ತುತ್ತಿಗೆ ಕಟಕ್ಕೆಂದು ಹಲ್ಲು ಕಚ್ಚಿ, ಬಾಯಿಂದ ಒಂದು ವಾಷರ್ ತೆಗೆದು ತಟ್ಟೆಯ ಅಂಚಿಗಿಟ್ಟು, "ಇದು ಯಾವ ಬೇಳೆ ಕಣೇ?" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಾಷರನ್ನು ತೊಳೆದು ಡಬ್ಬಿಗೆ ವಾಪಸು ಹಾಕಿದೆ.

ಓನರ್ ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಬಂದು ಪೋರ್ಚಿನಲ್ಲಿ ನಿಂತು ಮೂಗು ಮೇಲೆತ್ತುತ್ತಿದ್ದರು. ಜೀವಮಾನವಿಡೀ ಪೆಟ್ರೋಲಿನ ನಡುವೆ ಇದ್ದ ಮೂಗು. "ಮೋಳೇ, ಮಣಮುಂಡ್." ವಾಸನೆ ಬರುತ್ತಿದೆ. ನನಗೆ ಏನೂ ಬರುತ್ತಿರಲಿಲ್ಲ. ಮೆಕ್ಯಾನಿಕ್ ಬಂದು ನೋಡಿ ಏನೂ ಇಲ್ಲವೆನ್ನುತ್ತಿದ್ದ, ಓನರ್ ಉಂಟೆನ್ನುತ್ತಿದ್ದರು. ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿ ಜಗಳವಾಡುತ್ತಿದ್ದರೆ ನಾನು ಚಹಾ ಮಾಡಿ ತರುತ್ತಿದ್ದೆ. ಬಕೆಟ್ಟು ಒಂದಿದ್ದದ್ದು ಸಾಲಾಗಿ ನಿಂತಿತು. ಕಡೆಗೆ ಬೆಂಕಿ ಬೀಳಲೇ ಇಲ್ಲ. ಓನರ್ ಹೆಂಡತಿ ಒಂದರಲ್ಲಿ ಕರಿಬೇವಿನ ಸಸಿ ನೆಟ್ಟರು, ಅದು ಚೆನ್ನಾಗಿ ಚಿಗುರಿತು.

ಸೀಟುಗಳಿಗೆ ಹೊಸದಾಗಿ ತೆಂಗಿನ ನಾರು ತುಂಬಿಸಿದೆ. ಬಣ್ಣ ನಾನೇ ಆರಿಸಿದೆ, ಪಿಸ್ತಾ ಹಸಿರು. ಒಣಗಿದ ಮೇಲೆ ಅದು ಸರ್ಕಾರಿ ಆಸ್ಪತ್ರೆಯ ಗೋಡೆಯ ಬಣ್ಣವಾಯಿತು. ಮಗಳು ವಿಡಿಯೋ ಕಾಲಿನಲ್ಲಿ ನೋಡಿ, "ಅಮ್ಮಾ, ಹೊರಗಡೆ ಒಂದು ಬೆಂಚು ಹಾಕಿಸು, ಪೇಶೆಂಟುಗಳು ಕೂರ್ತಾರೆ" ಎಂದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಂಜಿನ್ ಮೊದಲ ಸಲ ಹೊತ್ತಿಕೊಂಡು ಗುಡುಗುಡು ಎಂದ ದಿನ ನಾನು ಪೋರ್ಚಿನಲ್ಲಿ ನಿಂತು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದ್ದೆ. ಆ ಸಂತೋಷಕ್ಕೆ ಎಂಥ ಬಣ್ಣವಾದರೂ ನಡೆಯುತ್ತದೆ.

ಇಷ್ಟೆಲ್ಲ ಮಾಡಿದವಳು ಛಾವಣಿಯನ್ನು ಮಾತ್ರ ಕಟ್ಟಕಡೆಗೆ ಇಟ್ಟುಕೊಂಡಿದ್ದೆ. ಇಂಥ ತಪ್ಪನ್ನು ಮಲಯಾಳಿಗಳ ಮಗುವೂ ಮಾಡುವುದಿಲ್ಲ. ಅದನ್ನು ಮಾಡಲು ಬಯಲುಸೀಮೆಯಲ್ಲೇ ಹುಟ್ಟಬೇಕು. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ, ಅದರಿಂದ ತಪ್ಪಿಸಿಕೊಳ್ಳಬೇಕೆಂದು ಯಾರಿಗೂ ತೋಚುವುದಿಲ್ಲ. ಕೊಚ್ಚಿಯಲ್ಲಿ ಎಷ್ಟೋ ಮಳೆಗಾಲ ಕಳೆದಿದ್ದರೂ ನನ್ನ ಬುದ್ಧಿ ಇನ್ನೂ ಚಿತ್ರದುರ್ಗದಲ್ಲೇ ಇತ್ತು. ಮೊದಲು ಎಂಜಿನ್, ಆಮೇಲೆ ಬಣ್ಣ, ಆಮೇಲೆ ಸೀಟು, ಛಾವಣಿಗೇನು ಅವಸರ ಎಂದುಕೊಂಡು, ಸಿಂಗಾರ ಮಾಡಿದ ಕಾರನ್ನು ಗೇಟಿನಿಂದ ಹೊರಗೆ ತಂದದ್ದು ಜೂನ್ ತಿಂಗಳ ಮೊದಲ ವಾರ. ಗಲ್ಲಿಯ ತಿರುವು ದಾಟುವುದರೊಳಗೆ ಆಕಾಶ ಹರಿದುಬಿತ್ತು. ನಾನು ರಿವರ್ಸ್‌ನಲ್ಲಿ ಮನೆ ಸೇರುವ ಹೊತ್ತಿಗೆ ಕಾರಿನ ಒಳಗೆ ನನ್ನ ಪಾದ ಮುಳುಗಿತ್ತು, ಹೊಸ ನಾರಿನ ಸೀಟು ಹಿಂಡಿದರೆ ನೀರು ಬರುತ್ತಿತ್ತು. ಓನರ್ ಕೊಡೆ ಹಿಡಿದು ಕೆಳಗೆ ಬಂದರು, ನೋಡಿದರು, ಕೊಡೆಯನ್ನು ನನ್ನ ಕೈಗೆ ಕೊಟ್ಟು ಹೋದರು.

ಕ್ಯಾನ್‌ವಾಸು ತಂದುಕೊಟ್ಟವರು ಯಜಮಾನರೇ. ತಿರುವನಂತಪುರದ ಹತ್ತಿರದ ವಿಳಿಂಜಂನಲ್ಲಿ ಮೀನುಗಾರಿಕೆ ದೋಣಿಗಳಿಗೆ ಹೊದಿಸುವ ಗಟ್ಟಿ ಟಾರ್ಪಾಲಿನ್ ಸಿಗುತ್ತದೆ ಎಂದು ಯಾರೋ ಹೇಳಿದರಂತೆ. ಹೋಗಿ ನೋಡಿದರೆ ಹೊಸದು ಮುಗಿದಿತ್ತು, ಒಂದೆರಡು ಸಲ ಕಡಲಿಗೆ ಹೋಗಿ ಬಂದದ್ದು ಇತ್ತು. ಚೌಕಾಸಿ ಮಾಡಿ ತಂದೆ ಎಂದು ಹೆಮ್ಮೆಯಿಂದ ಹೇಳಿದರು. ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ಅಕ್ಕಪಕ್ಕದವರೆಲ್ಲ ಎದ್ದು ಬೇರೆ ಸೀಟಿಗೆ ಹೋದರಂತೆ, ಇವರು ಕಾಲು ಚಾಚಿಕೊಂಡು ಬಂದರಂತೆ. ನಮ್ಮ ಮನೆಯಲ್ಲಿ ಮೀನು ಬೇಯಿಸಿದವರಿಲ್ಲ, ತಿಂದವರಿಲ್ಲ. ಆ ಮಳೆಗಾಲವೆಲ್ಲ ನಾನು ಒಣಮೀನಿನ ವಾಸನೆಯ ಛಾವಣಿಯಡಿಯಲ್ಲಿ ಕೂತು ಬ್ಯಾಂಕಿಗೆ ಹೋದೆ. ಬೀದಿಯ ಬೆಕ್ಕುಗಳೆಲ್ಲ ನಮ್ಮ ಪೋರ್ಚಿಗೆ ವಲಸೆ ಬಂದು ಛಾವಣಿಯ ಮೇಲೆ ಮಲಗುತ್ತಿದ್ದವು, ಬೆಳಿಗ್ಗೆ ಅವನ್ನು ಎಬ್ಬಿಸಿ ಇಳಿಸಿಯೇ ಹೊರಡಬೇಕಾಗಿತ್ತು.

ಹೌದು, ಬ್ಯಾಂಕಿಗೆ ಹೋದೆ. ಮೊದಲ ದಿನ ಎಡಪ್ಪಳ್ಳಿ ಹತ್ತಿರವಾದಂತೆ ಯಾವುದು ಕ್ಲಚ್ ಯಾವುದು ಬ್ರೇಕ್ ಎಂದು ಬಾಯಲ್ಲೇ ಹೇಳಿಕೊಳ್ಳತೊಡಗಿದೆ. ಮಳೆ ಬಿಡುವು ಕೊಟ್ಟಿತ್ತು, ಛಾವಣಿ ಹಿಂದಕ್ಕೆ ಮಡಚಿದ್ದೆ. ಅದೇ ಜಂಕ್ಷನ್, ಅದೇ ಸಿಗ್ನಲ್. ಹಸಿರಾಯಿತು, ಕಾರು ಕೆಮ್ಮಿ ನಿಂತಿತು. ಹಿಂದಿನಿಂದ ಹಾರ್ನ್. ಮುಗಿಯಿತು ನನ್ನ ಕತೆ ಎಂದುಕೊಂಡು ತಿರುಗಿ ನೋಡಿದೆ. ಬಸ್ಸಿನ ಬಾಗಿಲಿನಿಂದ ಅರ್ಧ ಹೊರಗೆ ಬಾಗಿದ್ದ ಕಂಡಕ್ಟರ್ ನಗುತ್ತಾ, "ಚೇಚ್ಚೀ, ಪೇಡಿಕ್ಕಂಡ, ಕ್ಲಚ್ ಮೆಲ್ಲೆ ವಿಟ್ಟಾ ಮದಿ!" ಎಂದ. ಅಕ್ಕಾ, ಹೆದರಬೇಡ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಸಾಕು. ಎಡಗಡೆ ಸ್ಕೂಟರಿನವಳು ನನಗೆ ದಾರಿಯಾಗಲೆಂದು ಹಿಂದಿನ ಆಟೋಗೆ ಕೈ ಅಡ್ಡ ಹಿಡಿದಳು. ಆಟೋದವನು ಚೋಕ್ ಎಳೆಯಲು ಹೇಳಿದ, ಇನ್ನೊಬ್ಬ ಬೇಡವೆಂದ, ಅವರಿಬ್ಬರಲ್ಲೇ ವಾದ ಹತ್ತಿತು. ನಾನು ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಕಾರು ಹೊರಟಿತು.

ನಾಲ್ಕು ಮೂಲೆ ಕಾಣಲಿ ಎಂದು ನಾನು ಈ ಕಾರು ತಂದದ್ದು. ಆದದ್ದೇ ಬೇರೆ: ನಾನು ಊರಿಗೆಲ್ಲ ಕಾಣತೊಡಗಿದೆ. ಹೊಸ ಕಾರಿನಲ್ಲಿ ಗಾಜು ಮುಚ್ಚಿದ್ದಾಗ ಬರೀ ಹಾರ್ನ್ ಕೇಳುತ್ತಿತ್ತು, ಪ್ರತಿಯೊಂದೂ ನನ್ನನ್ನೇ ಬೈದಂತೆ. ಮೇಲಿನ ಹೊದಿಕೆ ತೆಗೆದ ಮೇಲೆ ಹಾರ್ನಿನ ಹಿಂದೆ ಒಂದೊಂದು ಮುಖ ಇರುವುದು ಗೊತ್ತಾಯಿತು. ಮಲಯಾಳಿಗಳಿಗೆ ತೆರೆದ ಕಾರಿನಲ್ಲಿ ಒಬ್ಬ ಹೆಂಗಸು ಕಂಡರೆ ಸಲಹೆ ಕೊಡದೆ ಇರಲಾಗುವುದಿಲ್ಲ. ಗೇರು, ಬ್ರೇಕು, ಬಣ್ಣ, ನನ್ನ ಸೀರೆಯ ಸೆರಗು, ಎಲ್ಲದರ ಬಗ್ಗೆಯೂ ದಿನಾ ಒಂದೊಂದು ಮಾತು. ಕೊಚ್ಚಿಯ ಅರ್ಧ ಊರು ನನಗೆ ಡ್ರೈವಿಂಗ್ ಕಲಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಸಿಗ್ನಲ್ಲಿನಲ್ಲಿ ಬಾಟಲಿಯಿಂದ ನೀರು ಕುಡಿಯುವಷ್ಟು ಧೈರ್ಯಸ್ಥೆಯಾಗಿದ್ದೆ.

ಎರಡನೆಯ ಆಸೆ ಮಾತ್ರ ಅಲ್ಲೇ ಇತ್ತು. ಒಂದು ಶನಿವಾರ ಹೇಳದೆ ಕೇಳದೆ ರೈಲ್ವೆ ಸ್ಟೇಷನ್ನಿಗೆ ಕಾರು ತೆಗೆದುಕೊಂಡು ಹೋಗಿ ನಿಂತೆ. ಯಜಮಾನರು ಹೊರಗೆ ಬಂದು, ನನ್ನನ್ನೂ ಕಾರನ್ನೂ ನೋಡಿ, "ಬ್ಯಾಗು ಹಿಂದೆ ಇಡ್ತೀನಿ" ಎಂದು ಇಟ್ಟು, ತಾವು ಹೋಗಿ ಆಟೋ ಹತ್ತಿದರು. ಬ್ಯಾಗಿನ ಜೊತೆ ನಾನು ಆಟೋದ ಹಿಂದೆ. ದಾರಿಯುದ್ದಕ್ಕೂ ಅವರು ಆಟೋದಿಂದ ಕತ್ತು ಹೊರಗೆ ಹಾಕಿ, "ಎಡಕ್ಕೆ! ಇನ್ನೂ ಎಡಕ್ಕೆ!" ಎಂದು ಕೂಗುತ್ತಿದ್ದರು. ನಾನು ನಗುತ್ತಾ ಕೈ ಬೀಸಿದೆ. ಆದರೆ ಮನೆಗೆ ಬಂದು ಅನ್ನಕ್ಕಿಡುವಾಗ ಕಣ್ಣು ತುಂಬಿತು. ಗುರುತಿಲ್ಲದ ಕಂಡಕ್ಟರಿಗೆ ನನ್ನ ಮೇಲಿದ್ದ ನಂಬಿಕೆ ಈ ಮನುಷ್ಯನಿಗೆ ಬರಲಿಲ್ಲವಲ್ಲ ಎಂದು ಬೇಜಾರಾಯಿತು.

ಆಮೇಲೆ ಅವರ ಬಲಭುಜ ಹಿಡಿದುಕೊಂಡಿತು. ಕೈ ಎತ್ತಿದರೆ ಪ್ರಾಣ ಹೋದಂತೆ ನೋವು, ಅಂಗಿ ತೊಡುವುದೇ ಹರಸಾಹಸ. ಡಾಕ್ಟರು ವ್ಯಾಯಾಮ ಹೇಳಿಕೊಟ್ಟು, ಸದ್ಯಕ್ಕೆ ಕಾರು ಮುಟ್ಟಬೇಡಿ ಎಂದರು. ಇವರು ಫೋನಿನಲ್ಲಿ ಇದನ್ನು ತಮಾಷೆಯಾಗಿಯೇ ಹೇಳಿದರು, ಆದರೆ ದನಿ ಇಳಿದಿತ್ತು. ಕಂಪನಿಯವರು ಕೊಚ್ಚಿಯ ಆಫೀಸಿನಿಂದಲೇ ಕೆಲಸ ಮಾಡಲು ಒಪ್ಪಿದರು. ಕೋಣೆ ಖಾಲಿ ಮಾಡಬೇಕು, ಹೊಸ ಕಾರನ್ನು ಯಾರಾದರೂ ಡ್ರೈವರನ್ನು ಹಿಡಿದು ಆಮೇಲೆ ತರಿಸಿದರಾಯಿತು ಎಂದರು ಇವರು. "ಸಾಮಾನು ತರಾಕೆ ನಾನು ಬರ್ತೀನಿ" ಎಂದೆ.

ನನ್ನ ಹಸಿರು ಕಾರಿನಲ್ಲಿ ಬೆಳಿಗ್ಗೆ ಕೊಚ್ಚಿ ಬಿಟ್ಟವಳು ಸಂಜೆ ತಿರುವನಂತಪುರ ಮುಟ್ಟಿದೆ. ರೈಲು ಇದರ ಅರ್ಧ ಸಮಯದಲ್ಲಿ ಹೋಗುತ್ತದೆ, ಆ ಮಾತು ಬೇರೆ. ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನಡೆದಿತ್ತು. ಎಷ್ಟು ಕಡೆ ರಸ್ತೆ ತಿರುಗಿಸಿದ್ದರೆಂದರೆ, ಒಂದೇ ಚಹಾದಂಗಡಿಯನ್ನು ಎರಡು ಸಲ ನೋಡಿದೆನೇನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಇವರು ಗೇಟಿನ ಹತ್ತಿರವೇ ಕಾಯುತ್ತಿದ್ದರು. ಒಬ್ಬಳೇ ಬಂದೆಯಲ್ಲ ಎನ್ನಲಿಲ್ಲ. ಕಾರಿನ ಸುತ್ತ ನಡೆದು, ಒಂದು ವೈಪರ್ ಸಡಿಲವಾಗಿದೆ, ಕನ್ನಡಿ ಸೊಟ್ಟಗಿದೆ, ಹಾರ್ನ್ ಗಂಟಲು ಕಟ್ಟಿದೆ ಎಂದು ವರದಿ ಕೊಟ್ಟರು.

ಮರುದಿನ ಸಾಮಾನು ಹೇರಿದೆವು. ಕುಕ್ಕರು, ಹಾಸಿಗೆಯ ಸುರುಳಿ, ಬಟ್ಟೆಯ ಪೆಟ್ಟಿಗೆ, ಮತ್ತೆ ನೆಲದ ಮೇಲೆ ನಿಲ್ಲುವ ಉದ್ದದ ಫ್ಯಾನು. ಛಾವಣಿ ಮಡಚಿದ್ದರಿಂದ ಫ್ಯಾನನ್ನು ಹಿಂದಿನ ಸೀಟಿನಲ್ಲಿ ನಿಲ್ಲಿಸಿಯೇ ಹಗ್ಗ ಬಿಗಿದೆ. ಅದು ತಲೆಯೆತ್ತಿ ಊರು ನೋಡುತ್ತಾ ಕೂತಿತು. ಇನ್ನು ಛಾವಣಿ ಎಳೆಯುವ ಹಾಗಿಲ್ಲ ಎಂಬುದು ನನಗೂ ಗೊತ್ತಿತ್ತು, ಬೆಳಗಿನ ಬಿಸಿಲು ನೋಡಿ ಪರವಾಗಿಲ್ಲ ಎಂದುಕೊಂಡೆ. ಚಿತ್ರದುರ್ಗದ ಬುದ್ಧಿ ಅಷ್ಟು ಬೇಗ ಹೋಗುವುದಿಲ್ಲ.

"ಸರಿ, ನೀನು ಹೊರಡು. ನಾನು ಟ್ರೈನಲ್ಲಿ ಬರ್ತೀನಿ" ಎಂದರು ಯಜಮಾನರು.

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮ ಫ್ಯಾನಿಗಿರೋ ಧೈರ್ಯ ನಿಮಗಿಲ್ಲೇನ್ರೀ? ನೋಡ್ರಿ ಅದು ಹೆಂಗೆ ಕುಂತೈತಿ! ನಾನು ದಿನಾ ಎಡಪ್ಪಳ್ಳಿ ದಾಟ್ತೀನಿ, ನಿಮ್ಮ ಹತ್ರ ಯಾವತ್ತಾದ್ರೂ ಹೇಳ್ಕಂಡು ಅತ್ತೀನಾ?" ಎಂದೆ. ಎನ್ನುತ್ತಾ ಅತ್ತುಬಿಟ್ಟೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಇವರು ಕಕ್ಕಾಬಿಕ್ಕಿಯಾಗಿ ಆಚೀಚೆ ನೋಡಿ, ಎಡಗೈಯಲ್ಲಿ ಬಾಗಿಲು ತೆಗೆದು ಹತ್ತಿ ಕೂತರು. "ಅಳ್ತಾ ಓಡಿಸ್ಬೇಡ, ಕಣ್ಣು ಒರೆಸ್ಕೋ" ಎಂದರು. ಅದು ಅವತ್ತಿನ ಮೊದಲನೆಯ ಸೂಚನೆ.

ಆಮೇಲೆ ಸೂಚನೆಗಳ ಸುರಿಮಳೆ. ಆಟ್ಟಿಂಗಲ್ ಬರುವವರೆಗೆ ಅವರ ಬಾಯಿಗೆ ಬಿಡುವಿರಲಿಲ್ಲ. ಬಸ್ ಬರ್ತಾ ಇದೆ, ಹಾರ್ನ್ ಮಾಡು, ಹಾರ್ನ್ ಮಾಡ್ಬೇಡ, ಆ ಮುದುಕ ದಾಟ್ತಾನೆ, ಗೇರ್ ಇಳಿಸು. ಎಡಗೈ ಬಾಗಿಲಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು, ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹಿಂದೆ ಗಾಳಿಗೆ ಫ್ಯಾನಿನ ರೆಕ್ಕೆಗಳು ತಾವಾಗಿಯೇ ಗಿರಗಿರ ತಿರುಗುತ್ತಿದ್ದವು. ಕೊಲ್ಲಂ ದಾಟಿದ ಮೇಲೆ ಒಂದು ಅಂಗಡಿಯಲ್ಲಿ ನಿಲ್ಲಿಸಿ ಚಹಾ ಕುಡಿದು ಪಳಂಪೊರಿ ತಿಂದೆವು. ಬಾಳೆಹಣ್ಣಿನ ಆ ಬಜ್ಜಿ ಅವರಿಗೆ ಪ್ರಾಣ, ಎರಡು ತಿಂದರು. ಮತ್ತೆ ಹೊರಟೆವು. ಸೂಚನೆಗಳು ವಿರಳವಾದವು, ಹರಿಪ್ಪಾಡ್ ಹತ್ತಿರ ನಿಂತೇಹೋದವು.

ಮುನಿಸಿಕೊಂಡರೋ, ಹೆದರಿಕೆಯಿಂದ ಬಾಯಿ ಕಟ್ಟಿತೋ ಎಂದು ನನಗೆ ಕಳವಳ. ಸಿಮೆಂಟು ಲಾರಿಯೊಂದನ್ನು ಬಹಳ ಹೊತ್ತು ಲೆಕ್ಕಾಚಾರ ಹಾಕಿ, ನನ್ನ ಜನ್ಮದಲ್ಲೇ ಅಷ್ಟು ಅಚ್ಚುಕಟ್ಟಾಗಿ ಮಾಡಿರದ ರೀತಿಯಲ್ಲಿ ಹಿಂದೆ ಹಾಕಿದೆ. ಮೆಚ್ಚುಗೆಯ ಮಾತು ಬರುತ್ತದೇನೋ ಎಂದು ಪಕ್ಕಕ್ಕೆ ನೋಡಿದರೆ, ಯಜಮಾನರು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾರೆ.

ಮೊದಲು ಅವಮಾನವಾಯಿತು. ನನ್ನ ಜೀವಮಾನದ ಓವರ್‌ಟೇಕಿಗೆ ಸಾಕ್ಷಿಯಾಗಿ ಫ್ಯಾನು ಮಾತ್ರ ಇತ್ತು. ಎಬ್ಬಿಸಿ ಹೇಳಲೇ ಎಂದುಕೊಂಡು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡೆ. ಈ ಮನುಷ್ಯನ ಜೊತೆ ಮದುವೆಯಾಗಿ ಇಷ್ಟು ವರ್ಷವಾಯಿತು; ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡದ್ದಿಲ್ಲ. ಮೈಸೂರಿನ ರಾತ್ರಿ ಬಸ್ಸಿನಲ್ಲೂ ಡ್ರೈವರಿಗೆ ನಿದ್ದೆ ಬಂದೀತೆಂದು ತಾವು ಎಚ್ಚರವಾಗಿ ಕೂತು ಬರುವವರು. ಈಗ ತಲೆ ನನ್ನ ಕಡೆಗೇ ವಾಲಿತ್ತು, ನೋಯುವ ಕೈ ಮಡಿಲಲ್ಲಿ ಬಿದ್ದಿತ್ತು. ಇನ್ನು ರಸ್ತೆಯ ಹಳ್ಳಗಳನ್ನೆಲ್ಲ ನೋಡಿ ನೋಡಿ ತಪ್ಪಿಸುತ್ತಾ ಹೋದೆ.

ಆಲಪ್ಪುಳದ ಬೈಪಾಸ್ ಏರಿದಾಗ ಎಡಗಡೆ ಕಡಲು ಕಂಡಿತು, ಅದರ ಮೇಲೆ ಕಪ್ಪು ಮೋಡ. ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ರಸ್ತೆ ಅದು, ನಿಲ್ಲಿಸುವ ಹಾಗಿಲ್ಲ, ಮರೆಯೂ ಇಲ್ಲ. ನಿಲ್ಲಿಸಿದರೂ ಫ್ಯಾನು ಬಿಚ್ಚದೆ ಛಾವಣಿ ಎಳೆಯುವ ಹಾಗಿಲ್ಲ. ಹನಿ ಶುರುವಾಯಿತು. ಅಭ್ಯಾಸಬಲದಿಂದ ಆಕ್ಸಿಲರೇಟರಿನ ಮೇಲಿನ ಕಾಲು ತೆಗೆದೆ, ಕಾರು ನಿಧಾನವಾಯಿತು, ಹನಿಗಳು ಅವರ ಅಂಗಿಯ ಮೇಲೆ ಟಪಟಪ ಬಿದ್ದವು. ಅವರು ಮುಖ ಸಿಂಡರಿಸಿದರು. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಹನಿ ಬೀಳುವುದು ನಿಂತಿತು. ಮಳೆ ನಿಂತಿರಲಿಲ್ಲ, ವೇಗಕ್ಕೆ ಹನಿಗಳೆಲ್ಲ ಮುಂದಿನ ಗಾಜನ್ನು ಹತ್ತಿ ನಮ್ಮ ತಲೆಯ ಮೇಲಿನಿಂದ ಹಾರಿ ಹಿಂದಕ್ಕೆ ಹೋಗುತ್ತಿದ್ದವು.

ಇದು ನನಗೆ ಯಾರೂ ಹೇಳಿಕೊಟ್ಟಿರದ ವಿದ್ಯೆ. ಜೋರಾಗಿ ಹೋದರೆ ಈ ಮನುಷ್ಯ ನೆನೆಯುವುದಿಲ್ಲ, ನಿಧಾನ ಮಾಡಿದರೆ ನೆನೆದು ಏಳುತ್ತಾನೆ. ಅಷ್ಟು ವೇಗದಲ್ಲಿ ನಾನು ಯಾವತ್ತೂ ಹೋದವಳಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕಾರಿನ ತಗಡೆಲ್ಲ ಗಡಗಡ ಎನ್ನುತ್ತಿರಲು, ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತಿರಲು, ಒದ್ದೆ ರಸ್ತೆಯ ಮೇಲೆ ಕಣ್ಣು ನೆಟ್ಟು, ಮೆತ್ತಗೆ ಇನ್ನೂ ಸ್ವಲ್ಪ ಒತ್ತಿದೆ. ಒಂದು ಬಸ್ಸು ಹಿಂದಕ್ಕೆ ಹೋಯಿತು. ಅದರ ಕಿಟಕಿಗಳೆಲ್ಲ ನನ್ನ ಕಡೆಗೆ ತಿರುಗಿದ್ದು ಗೊತ್ತಾಯಿತು, ನೋಡಲು ಪುರುಸೊತ್ತಿರಲಿಲ್ಲ. ಹೆದರಿಕೆಯೂ ಆಗುತ್ತಿತ್ತು, ಹಿಗ್ಗೂ ಆಗುತ್ತಿತ್ತು.

ಮುಂದೆ ಒಂದು ಟ್ರಕ್ಕು ಅಡ್ಡವಾಯಿತು, ಕಾಲು ತೆಗೆಯಲೇಬೇಕಾಯಿತು. ಕೂಡಲೇ ಹನಿಗಳು ಒಳಗೆ ಬಿದ್ದವು, ಒಂದು ನೇರವಾಗಿ ಅವರ ಮೂಗಿನ ಮೇಲೆ. ಮುಗಿಯಿತು, ಈಗ ಎದ್ದು ನನಗೆ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡೆ. ಅವರು ಕಣ್ಣು ತೆರೆಯಲಿಲ್ಲ. ಎಡಗೈಯಿಂದ ಮೂಗು ಒರೆಸಿಕೊಂಡು, "ಕಾಲ್ ಯಾಕೆ ತೆಗ್ದೆ? ನೆನೀತಾ ಇದೀನಿ, ಒತ್ತು" ಎಂದು ಗೊಣಗಿ ಮಗ್ಗುಲಾದರು. ಬಲಗಡೆ ದಾರಿ ಖಾಲಿಯಿತ್ತು. ನಾನು ಒತ್ತಿದೆ, ಅವರು ಮತ್ತೆ ನಿದ್ದೆ ಹೋದರು.